ಸಹಪಾಠಿಯ ಪಾಲು

ವಿದ್ಯೆಯನ್ನು ನಾಲ್ಕು ಪಾಲು ಮಾಡಿ, ಒಂದನ್ನು ಗುರುವಿಗೂ ಒಂದನ್ನು ಸ್ವಂತ ಬುದ್ಧಿಗೂ ಒಂದನ್ನು ಸಹಪಾಠಿಗಳಿಗೂ ಉಳಿದೊಂದನ್ನು ಕಾಲಕ್ಕೂ ಹಂಚಿಕೊಟ್ಟ ಸುಭಾಷಿತವೊಂದು ಸಂಸ್ಕೃತದಲ್ಲಿದೆ. ಶಾಲೆಯ ವಾರ್ಷಿಕೋತ್ಸವದ ವೇದಿಕೆಗಳಲ್ಲಿ ನಾವೆಲ್ಲರೂ ಅದನ್ನು ಕೇಳಿದ್ದೇವೆ, ಸಂದರ್ಭ ಬಂದಾಗ ಹೇಳಿಯೂ ಇದ್ದೇವೆ. ಗುರುವಿನ ಪಾಲಿನ ವಿಷಯದಲ್ಲಿ ಬೇಕಾದಷ್ಟು ಭಾಷಣಗಳಾಗಿವೆ. ಬುದ್ಧಿಯ ಪಾಲನ್ನು ತಂದೆತಾಯಂದಿರು ತಮ್ಮ ತಮ್ಮ ವಂಶದ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಕಾಲದ ಪಾಲು ಏನೆಂಬುದು ಎಪ್ಪತ್ತು ದಾಟಿದ ನಮ್ಮಂಥವರಿಗೆ ಯಾರೂ ಹೇಳದೆಯೇ ತಿಳಿಯುತ್ತದೆ. ಸಹಪಾಠಿಯ ಪಾಲು ಮಾತ್ರ ಎಲ್ಲರೂ ತಲೆದೂಗಿ ಮುಂದೆ ಸಾಗುವ ಪಾಲಾಗಿಯೇ ಉಳಿದಿದೆ. ಅದು ನಿಜವಾಗಿ ನಾಲ್ಕನೆಯ ಒಂದಂಶವೇ, ಅದನ್ನು ಪಡೆಯುವುದು ಹೇಗೆ, ಪಡೆದವನಿಗೆ ಅದರ ಋಣವೇನು ಎಂದು ಕೇಳುವವರು ಕಡಿಮೆ.

ಕೇಳುವವರು ಇಲ್ಲವೇ ಇಲ್ಲ ಎನ್ನುವಂತಿಲ್ಲ. ತಂದೆತಾಯಂದಿರು ಕೇಳುತ್ತಾರೆ. ಆದರೆ ಅವರ ಪ್ರಶ್ನೆಯ ದಿಕ್ಕು ಬೇರೆ. ‘ನಮ್ಮ ಹುಡುಗ ಆ ಹುಡುಗನಿಗೆ ಲೆಕ್ಕ ಹೇಳಿಕೊಡುತ್ತ ಕುಳಿತರೆ ಇವನ ಓದು ಏನಾಗಬೇಕು?’ ಎಂದು ಒಬ್ಬರು. ‘ಅವಳ ಜೊತೆಯಲ್ಲೇ ಓದಿ ಓದಿ ನಮ್ಮ ಮಗಳು ಸ್ವಂತವಾಗಿ ಪುಸ್ತಕ ತೆರೆಯುವುದನ್ನೇ ಬಿಟ್ಟಿದ್ದಾಳೆ’ ಎಂದು ಇನ್ನೊಬ್ಬರು. ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಈ ಎರಡು ದೂರುಗಳನ್ನು ಕೇಳದ ಮುಖ್ಯೋಪಾಧ್ಯಾಯರು ನಮ್ಮ ಜಿಲ್ಲೆಯಲ್ಲಿ ಇರಲಾರರು. ಇವನ್ನು ಸ್ವಾರ್ಥವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಮೊದಲನೆಯದು ನ್ಯಾಯದ ಪ್ರಶ್ನೆ: ಒಂದು ಮಗುವಿನ ಹೊತ್ತನ್ನು ಇನ್ನೊಂದು ಮಗುವಿನ ಕಲಿಕೆಗೆ ತೆಗೆದುಕೊಡುವ ಅಧಿಕಾರ ಯಾರಿಗಿದೆ? ಎರಡನೆಯದು ಸತ್ಯದ ಪ್ರಶ್ನೆ: ಇಬ್ಬರು ಕೂಡಿ ಕಲಿತದ್ದರಲ್ಲಿ ಪ್ರತಿಯೊಬ್ಬನೂ ತನ್ನದೆಂದು ಹೇಳಿಕೊಳ್ಳಬಹುದಾದದ್ದು ಎಷ್ಟು? ಈ ಎರಡನ್ನೂ ಎದುರಿಸದೆ ಜೊತೆಗೂಡಿ ಓದುವುದನ್ನು ಹೊಗಳಿದರೆ ಅದು ಸುಭಾಷಿತದ ಪುನರುಕ್ತಿಯಷ್ಟೇ ಆದೀತು.

ಸುಮಾರು ನಾಲ್ಕು ಶತಮಾನಗಳ ಹಿಂದಿನ ಒಂದು ದೃಶ್ಯ ಈ ವಿಚಾರಕ್ಕೆ ಬಹಳ ಬೆಳಕು ಕೊಡುತ್ತದೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬವನು ಗೋವೆಯಿಂದ ಹೊರಟ ಪೋರ್ಚುಗೀಸರ ರಾಯಭಾರಿಯ ಜೊತೆ ಇಕ್ಕೇರಿಯ ವೆಂಕಟಪ್ಪ ನಾಯಕನ ರಾಜ್ಯಕ್ಕೆ ಬಂದನು. ಮುಂದೆ ಇದೇ ಕೆಳದಿಯ ಅರಸರೇ ಚಂದ್ರಗಿರಿ, ಬೇಕಲಗಳ ಕೋಟೆಗಳ ಮೂಲಕ ನಮ್ಮ ಸೀಮೆಯನ್ನೂ ಆಳಿದರೆಂಬುದನ್ನು ಇಲ್ಲಿ ನೆನೆಯಬಹುದು. ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟವೇರಿ ಹೋಗುವಾಗ ನವೆಂಬರ್ ತಿಂಗಳ ಒಂದು ದಿನ, ಸಾಮಾನುಗಳನ್ನು ಸಜ್ಜುಗೊಳಿಸುವವರೆಗೆ ಅವನು ಒಂದು ದೇವಸ್ಥಾನದ ಮುಖಮಂಟಪದಲ್ಲಿ ಹೊತ್ತು ಕಳೆದನು. ಅಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಗುರು ಹತ್ತಿರದಲ್ಲಿರಲಿಲ್ಲ. ನೆಲದ ಮೇಲೆ ನುಣ್ಣನೆಯ ಮರಳು ಹರಡಿತ್ತು. ಒಬ್ಬನು ಪಾಠದ ಒಂದು ತುಂಡನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮರಳಿನಲ್ಲಿ ಅಂಕಿಯನ್ನು ಬರೆಯುವನು. ಉಳಿದ ಮೂವರೂ ಅದನ್ನೇ ಹಾಡಿ ಬರೆಯುವರು. ನೆಲವೆಲ್ಲ ಅಂಕಿಗಳಿಂದ ತುಂಬಿದಾಗ ಕೈಯಿಂದ ಒರೆಸಿ, ಬೇಕಾದರೆ ಎದುರಿನ ಸಣ್ಣ ರಾಶಿಯಿಂದ ಹೊಸ ಮರಳನ್ನು ಹರಡಿ ಮುಂದುವರಿಸುವರು. ಕಾಗದವಿಲ್ಲ, ಲೇಖನಿಯಿಲ್ಲ, ಮಸಿಯ ಖರ್ಚಿಲ್ಲ.

ನೋಡುತ್ತಿದ್ದ ಪ್ರವಾಸಿಗೆ ಸಹಜವಾದ ಸಂಶಯ ಬಂತು. ನೀವೆಲ್ಲರೂ ಶಿಷ್ಯರೇ, ಮರೆತರೆ, ತಪ್ಪಿದರೆ ತಿದ್ದುವವರು ಯಾರು ಎಂದು ಕೇಳಿದನು. ನಾಲ್ವರೂ ಒಂದೇ ಕಡೆಯಲ್ಲಿ ತಪ್ಪುವುದು ಸಾಧ್ಯವಿಲ್ಲ, ಒಬ್ಬನು ತಪ್ಪಿದರೆ ಉಳಿದವರು ತಿದ್ದಲೆಂದೇ ಕೂಡಿ ಅಭ್ಯಾಸ ಮಾಡುತ್ತಿದ್ದೇವೆ ಎಂಬ ಅರ್ಥದ ಉತ್ತರವನ್ನು ಹುಡುಗರು ಕೊಟ್ಟರು. ಅವರು ಹೇಳಿದ್ದು ನಿಜವೆಂದು ಅವನು ಒಪ್ಪಿಕೊಂಡು ಆ ಕ್ರಮವನ್ನು ಮೆಚ್ಚಿ ಬರೆದನು. ಈ ವರ್ಣನೆಯನ್ನು ಚಿಂತಕ ಧರಂಪಾಲ್ ಅವರು 1983ರಲ್ಲಿ ಪ್ರಕಟಿಸಿದ ‘ದಿ ಬ್ಯೂಟಿಫುಲ್ ಟ್ರೀ’ ಎಂಬ ಗ್ರಂಥದಲ್ಲಿ ಮತ್ತೆ ಬೆಳಕಿಗೆ ತಂದುದರಿಂದ ನಮ್ಮವರ ಗಮನಕ್ಕೂ ಬಂತು.

ಆ ಹುಡುಗರ ಉತ್ತರವನ್ನು ನಾವು ಜಾಣ ಮಾತೆಂದು ಮೆಚ್ಚಿ ಬಿಟ್ಟುಬಿಡುತ್ತೇವೆ. ನಿಂತು ಲೆಕ್ಕ ಹಾಕಿದರೆ ಅದರ ಒಳಗಿನ ಬಿಗಿ ಕಾಣುತ್ತದೆ. ಒಬ್ಬೊಬ್ಬ ಹುಡುಗನೂ ಹತ್ತು ಕಡೆಗಳಲ್ಲಿ ಒಂದು ಕಡೆ ತಪ್ಪುವವನು ಎಂದಿಟ್ಟುಕೊಳ್ಳೋಣ. ಇಬ್ಬರು ಒಂದೇ ಕಡೆಯಲ್ಲಿ ತಪ್ಪುವ ಸಂಭವ 100ರಲ್ಲಿ ಒಂದು. ನಾಲ್ವರೂ ಅಲ್ಲಿಯೇ ತಪ್ಪುವ ಸಂಭವ 10,000ದಲ್ಲಿ ಒಂದು. ಆದರೆ ಈ ಗಣಿತ ನಡೆಯಬೇಕಾದರೆ ಒಂದು ನಿಬಂಧನೆಯುಂಟು: ನಾಲ್ವರ ನೆನಪೂ ಬೇರೆ ಬೇರೆಯಾಗಿರಬೇಕು. ಮೂವರು ತಮ್ಮ ಪಾಠವನ್ನು ನೆನೆಯದೆ ಮೊದಲನೆಯವನ ಬಾಯನ್ನೇ ನೋಡುತ್ತ ಕುಳಿತರೆ, ಅವನು ತಪ್ಪಿದಲ್ಲಿ ಎಲ್ಲರೂ ತಪ್ಪುತ್ತಾರೆ. ಆಗ ಕುಳಿತವರು ನಾಲ್ವರಾದರೂ ಓದುವವನು ಒಬ್ಬನೇ; ಉಳಿದವರು ಅವನ ಪ್ರತಿಧ್ವನಿ. ಹತ್ತು ಸಾವಿರಕ್ಕೆ ಏರಿದ್ದ ನಮ್ಮ ಲೆಕ್ಕ ಕ್ಷಣಮಾತ್ರದಲ್ಲಿ ಹತ್ತಕ್ಕೆ ಇಳಿಯುತ್ತದೆ.

ಜೊತೆಗಾರನಿಂದ ವಿದ್ಯಾರ್ಥಿಗೆ ಒಳಿತೋ ಕೆಡುಕೋ ಎಂಬ ಪ್ರಶ್ನೆಗೆ ನಮ್ಮ ಉತ್ತರ ಈ ನಿಬಂಧನೆಯಲ್ಲಿಯೇ ಇದೆ. ಕೂಡಿ ಓದುವುದಕ್ಕೆ ಬೆಲೆ ಬರುವುದು, ಕೂಡುವ ಮುನ್ನ ಇಬ್ಬರೂ ಒಂಟಿಯಾಗಿ ಓದಿ ಬಂದಿದ್ದರೆ ಮಾತ್ರ. ಪರೀಕ್ಷೆಯ ಹಿಂದಿನ ರಾತ್ರಿ ಗೆಳೆಯನ ಮನೆಗೆ ಪುಸ್ತಕ ಹಿಡಿದು ಓಡುವ ಹುಡುಗನು ಓದಲು ಹೋಗುವುದಿಲ್ಲ, ಸಾಲ ಕೇಳಲು ಹೋಗುತ್ತಾನೆ. ಗೆಳೆಯನು ಕೊಟ್ಟಾನು, ಆದರೆ ವಿದ್ಯೆಯಲ್ಲಿ ಸಾಲವಾಗಿ ಬಂದದ್ದು ಮರುದಿನ ಮಧ್ಯಾಹ್ನದವರೆಗೆ ಕೈಯಲ್ಲಿ ನಿಲ್ಲುವುದೂ ಅನುಮಾನ.

ಇಕ್ಕೇರಿಯ ದಾರಿಯ ಹುಡುಗರು ನಾಲ್ವರಿದ್ದರೆಂಬುದೂ ಮುಖ್ಯ. ಇಂದು ನಾವು ಜೊತೆಗಾರ ಎಂದಾಗ ನೆನೆಯುವುದು ಇಬ್ಬರನ್ನು. ಇಬ್ಬರ ಓದಿನಲ್ಲಿ ಒಂದು ವಿಶೇಷ ಅಪಾಯವಿದೆ. ಧ್ವನಿ ದೊಡ್ಡದಾದವನು ತಪ್ಪು ಹೇಳಿದಾಗ ಧ್ವನಿ ಸಣ್ಣದಾದವನು, ತನಗೆ ಸರಿ ಗೊತ್ತಿದ್ದರೂ, ತನ್ನದೇ ತಪ್ಪಿರಬೇಕೆಂದು ಒಪ್ಪಿಬಿಡುತ್ತಾನೆ. ತರಗತಿಯಲ್ಲಿ ಒಂದೇ ಬೆಂಚಿನ ಇಬ್ಬರ ಉತ್ತರಪತ್ರಿಕೆಗಳಲ್ಲಿ ಒಂದೇ ವಿಚಿತ್ರವಾದ ತಪ್ಪು ಕಂಡಾಗ ಅಧ್ಯಾಪಕರು ನಕಲೆಂದು ಭಾವಿಸುವುದುಂಟು. ಎಷ್ಟೋ ಸಲ ಅದು ನಕಲಲ್ಲ. ಒಟ್ಟಿಗೆ ಓದಿ ಒಟ್ಟಿಗೆ ದಾರಿ ತಪ್ಪಿದ್ದು. ಆದಕಾರಣ ಇಬ್ಬರ ನಡುವೆ ಮೂರನೆಯ ಸಾಕ್ಷಿಯೊಂದು ಬೇಕೇ ಬೇಕು. ಅದು ತೆರೆದ ಪಠ್ಯಪುಸ್ತಕವಾಗಲಿ, ನಿಘಂಟಾಗಲಿ, ಮರುದಿನ ಕೇಳಲೆಂದು ಬರೆದಿಟ್ಟ ಪ್ರಶ್ನೆಯಾಗಲಿ, ಗೆಳೆತನದ ದಾಕ್ಷಿಣ್ಯಕ್ಕೆ ಒಳಗಾಗದ ಒಂದು ವಸ್ತುವಾಗಿದ್ದರೆ ಸಾಕು.

ಮಧುವಾಹಿನಿಯ ದಡದ ನಮ್ಮ ಮಧೂರಿನಲ್ಲಿ ಕುಳಿತು ಈ ವಿಷಯವನ್ನು ಬರೆಯುವಾಗ ಗಣಪತಿಯ ನೆನಪು ಬಾರದೆ ಇರದು. ವ್ಯಾಸರು ಭಾರತವನ್ನು ಹೇಳಿದರು, ಗಣಪತಿ ಬರೆದನು ಎಂಬ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿಯೇ ಕೇಳಿದವರು. ಆ ಜೋಡಿಯ ಒಪ್ಪಂದ ಎಷ್ಟು ಸೊಗಸಾದದ್ದು! ಎಲ್ಲಿಯೂ ನಿಲ್ಲಿಸದೆ ಹೇಳಬೇಕೆಂದು ಬರೆಯುವವನ ಷರತ್ತು. ಅರ್ಥವಾಗದೆ ಒಂದು ಶ್ಲೋಕವನ್ನೂ ಬರೆಯಬಾರದೆಂದು ಹೇಳುವವನ ಷರತ್ತು. ವ್ಯಾಸರು ನಡುನಡುವೆ ಬಿಗಿಯಾದ ಶ್ಲೋಕಗಳನ್ನು ಇಟ್ಟರಂತೆ. ಗಣಪತಿ ಅರ್ಥಕ್ಕಾಗಿ ಯೋಚಿಸುವಷ್ಟರಲ್ಲಿ ಮುಂದಿನವು ಸಿದ್ಧವಾಗುತ್ತಿದ್ದುವಂತೆ. ಇಬ್ಬರೂ ಮಹಾಜ್ಞಾನಿಗಳು, ಆದರೂ ಒಬ್ಬನ ಮೇಲೊಬ್ಬನು ಕಟ್ಟುಪಾಡು ಹೇರದೆ ಕೆಲಸಕ್ಕೆ ಕೂರಲಿಲ್ಲ. ಹೇಳುವವನನ್ನು ಸೋಮಾರಿತನದಿಂದ ಕಾಯುವವನು ಕೇಳುವವನು; ಕೇಳುವವನನ್ನು ಕುರುಡು ನಕಲಿನಿಂದ ಕಾಯುವವನು ಹೇಳುವವನು. ಕೂಡಿ ಓದುವುದಕ್ಕೂ ನಕಲು ಮಾಡುವುದಕ್ಕೂ ನಡುವಿನ ಗೆರೆ ಎಲ್ಲಿದೆ ಎಂದು ನಮ್ಮನ್ನು ಕೇಳಿದವರಿಗೆ ನಾವು ಈ ಕಥೆಯನ್ನೇ ಹೇಳುತ್ತ ಬಂದಿದ್ದೇವೆ. ಬರೆದದ್ದು ಯಾರಿಂದ ಬಂತೆಂಬುದಲ್ಲ, ಅರ್ಥವಾಗುವವರೆಗೆ ಕೈ ತಡೆದಿತ್ತೇ ಎಂಬುದೇ ಪ್ರಶ್ನೆ.

ಇನ್ನು ನ್ಯಾಯದ ಪ್ರಶ್ನೆ. ಬಲ್ಲ ಹುಡುಗನ ಹೊತ್ತು ಹಾಳಾಗುವುದೇ?

ನಮ್ಮ ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎನ್ನುತ್ತಾರೆ. ವೇದಿಕೆಯಲ್ಲಿ ಇದು ಹೆಮ್ಮೆಯ ಮಾತು. ತರಗತಿಯಲ್ಲಿ ದಿನನಿತ್ಯದ ಸಂಗತಿ. ಕನ್ನಡ ಮಾಧ್ಯಮದ ಒಂದು ಬೆಂಚಿನಲ್ಲಿ ಕುಳಿತ ಇಬ್ಬರಲ್ಲಿ ಒಬ್ಬನ ಮನೆಮಾತು ತುಳು, ಇನ್ನೊಬ್ಬನದು ಬ್ಯಾರಿಯೋ ಮರಾಠಿಯೋ ಕೊಂಕಣಿಯೋ ಹವ್ಯಕ ಕನ್ನಡವೋ ಆಗಿರುತ್ತದೆ. ಪುಸ್ತಕದ ಕನ್ನಡ ಇಬ್ಬರಿಗೂ ಸ್ವಲ್ಪ ದೂರದ್ದು. ಅಧ್ಯಾಪಕರು ಪುಸ್ತಕದ ಭಾಷೆಯಲ್ಲಿ ಹೇಳಿದ್ದನ್ನು ಅವರಲ್ಲೊಬ್ಬನು ಮನೆಮಾತಿನಲ್ಲಿ ಅಥವಾ ಬೀದಿಯ ಮಾತಿನಲ್ಲಿ ಗೆಳೆಯನಿಗೆ ಹೇಳುತ್ತಾನೆ. ಹೀಗೆ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸುವಾಗಲೇ ತನಗೆ ನಿಜವಾಗಿ ಗೊತ್ತಿರುವುದೇನು, ಬರೀ ಬಾಯಿಪಾಠವಾದದ್ದೇನು ಎಂಬುದು ಅವನಿಗೆ ಬಯಲಾಗುತ್ತದೆ. ಬಾಯಿಪಾಠವಾದದ್ದು ಭಾಷಾಂತರಕ್ಕೆ ಒಗ್ಗುವುದಿಲ್ಲ.

ಒಂದು ಉದಾಹರಣೆ. ಮೂರನ್ನು ಅರ್ಧದಿಂದ ಭಾಗಿಸಿದರೆ ಆರು. ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸು ಎಂಬ ಸೂತ್ರ ಬಲ್ಲ ಹುಡುಗನು ಇದನ್ನು ನಿಮಿಷದೊಳಗೆ ಮಾಡಿ ಪೂರ್ಣಾಂಕ ಪಡೆಯುತ್ತಾನೆ. ಪಕ್ಕದ ಹುಡುಗ ಕೇಳುತ್ತಾನೆ: ‘ಭಾಗ ಮಾಡಿದರೆ ಕಡಿಮೆಯಾಗಬೇಕು, ಹೆಚ್ಚಾದದ್ದು ಹೇಗೆ?’ ಈಗ ಸಿಕ್ಕಿಬಿದ್ದವನು ಬಲ್ಲವನು. ಸೂತ್ರವನ್ನು ಮತ್ತೊಮ್ಮೆ ಹೇಳುತ್ತಾನೆ. ಪ್ರಶ್ನೆ ಹಾಗೆಯೇ ನಿಲ್ಲುತ್ತದೆ. ಇಂಥದೊಂದು ಪೇಚಾಟದಲ್ಲಿ ಹುಡುಗನೊಬ್ಬನಿಗೆ ಹೊಳೆದದ್ದು ಮಧೂರಿನ ಪ್ರಸಾದದ ಅಪ್ಪ. ‘ಮೂರು ಅಪ್ಪ ಉಂಟು. ಒಬ್ಬೊಬ್ಬನಿಗೆ ಅರ್ಧರ್ಧ ಕೊಟ್ಟರೆ ಎಷ್ಟು ಜನಕ್ಕೆ ಆಗುತ್ತದೆ?’ ಎಂದನು. ಕೇಳಿದವನಿಗೆ ಅರ್ಥವಾಯಿತು. ಹೇಳಿದವನ ಮುಖದಲ್ಲಿ ಕಂಡ ಆಶ್ಚರ್ಯ ಇನ್ನೂ ದೊಡ್ಡದು; ಏಕೆಂದರೆ ಭಾಗಾಕಾರವೆಂದರೆ ‘ಇದರಲ್ಲಿ ಅದು ಎಷ್ಟು ಸಲ ಇದೆ’ ಎಂಬ ಪ್ರಶ್ನೆಯೆಂದು ಅವನಿಗೂ ಗೊತ್ತಾದದ್ದು ಆಗಲೇ. ಹತ್ತಕ್ಕೆ ಹತ್ತು ಅಂಕ ಪಡೆದಿದ್ದ ಅವನ ವಿದ್ಯೆಯಲ್ಲಿ ಒಂದು ರಂಧ್ರವಿತ್ತು. ಅದನ್ನು ತೋರಿಸಿದವನು ಐದು ಅಂಕದವನು. ಇಲ್ಲಿ ಯಾರ ಹೊತ್ತು ಯಾರಿಗೆ ಹೋಯಿತು?

ಆದರೂ ಈ ಉತ್ತರದಿಂದ ತಂದೆತಾಯಂದಿರ ಬಾಯಿ ಮುಚ್ಚಿಸಬಾರದು. ಬಲ್ಲ ಮಕ್ಕಳನ್ನು ದುಡಿಸಿಕೊಳ್ಳುವ ಪದ್ಧತಿಯೂ ಇತಿಹಾಸದಲ್ಲಿ ನಡೆದುಹೋಗಿದೆ. ಅದೂ ನಮ್ಮ ಹಳೆಯ ಮದರಾಸು ಪ್ರಾಂತ್ಯದಿಂದಲೇ ಹೊರಟದ್ದು. ಸ್ಕಾಟ್ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್ 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಮಕ್ಕಳ ಅನಾಥಾಲಯದ ಮೇಲ್ವಿಚಾರಕನಾದನು. ಒಂದು ಬೆಳಗ್ಗೆ ಸವಾರಿ ಹೋಗುವಾಗ ‘ಮಲಬಾರಿ’ ಶಾಲೆಯೊಂದರಲ್ಲಿ ಮಕ್ಕಳು ನೆಲದಲ್ಲಿ ಕುಳಿತು ಮರಳಿನ ಮೇಲೆ ಬೆರಳಿನಿಂದ ಬರೆಯುವುದನ್ನು ಕಂಡನು. ಅದು ನಮ್ಮ ಕೇರಳದ ಶಾಲೆಯೆಂದು ಕೆಲವರು ಹೆಮ್ಮೆಪಡುವುದುಂಟು. ಆದರೆ ಆ ಕಾಲದ ಇಂಗ್ಲಿಷರು ತಮಿಳರನ್ನೂ ಮಲಬಾರಿಗಳೆಂದೇ ಕರೆಯುತ್ತಿದ್ದುದರಿಂದ ಮದರಾಸಿನ ಆಸುಪಾಸಿನ ತಮಿಳು ತಿಣ್ಣೆ ಶಾಲೆಯೆಂದು ತಿಳಿಯುವುದೇ ಸರಿ. ಈ ಕ್ರಮವನ್ನು ತನ್ನ ಶಾಲೆಯಲ್ಲಿ ಜಾರಿಗೆ ತರಲು ಉಪಾಧ್ಯಾಯರು ಒಪ್ಪದಿದ್ದಾಗ ಬೆಲ್ ಎಂಟು ವರ್ಷದ ಜಾನ್ ಫ್ರಿಸ್ಕನ್ ಎಂಬ ಹುಡುಗನಿಂದ ಚಿಕ್ಕವರಿಗೆ ಅಕ್ಷರ ಹೇಳಿಸಿದನು. ಅದು ಫಲಿಸಿತು. ಮುಂದೆ ತರಗತಿಯನ್ನೆಲ್ಲ ಹೇಳಿಕೊಡುವವನು, ಕಲಿಯುವವನು ಎಂದು ಜೋಡಿ ಮಾಡಿ ಕೂರಿಸಿದನು. 1797ರಲ್ಲಿ ಲಂಡನ್ನಿನಲ್ಲಿ ಇದರ ಕುರಿತು ಪುಸ್ತಕವನ್ನೂ ಪ್ರಕಟಿಸಿದನು. ‘ಮದರಾಸು ಪದ್ಧತಿ’ ಎಂಬ ಹೆಸರಿನಿಂದ ಅದು ಇಂಗ್ಲೆಂಡಿನಲ್ಲೆಲ್ಲ ಹರಡಿತು.

ಹರಡಿದ್ದಕ್ಕೆ ಕಾರಣವೇನು? ಮಕ್ಕಳು ಚೆನ್ನಾಗಿ ಕಲಿತರೆಂಬುದು ಒಂದಾದರೆ, ಖರ್ಚು ಕಡಿಮೆಯೆಂಬುದು ಇನ್ನೊಂದು. ಜೋಸೆಫ್ ಲ್ಯಾಂಕಾಸ್ಟರನ ಶಾಲೆಗಳಲ್ಲಂತೂ ಒಬ್ಬ ಉಪಾಧ್ಯಾಯನ ಕೈಕೆಳಗೆ ನೂರಾರು ಮಕ್ಕಳು. ಪಾಠವೆಲ್ಲ ಮೇಲ್ವಿಚಾರಕ ಹುಡುಗರಿಂದ. ದೇವಸ್ಥಾನದ ಮಂಟಪದಲ್ಲಿ ಪರಸ್ಪರ ತಿದ್ದಿಕೊಳ್ಳುತ್ತಿದ್ದ ನಾಲ್ವರಿಗೂ, ಒಬ್ಬನು ಸದಾ ಹೇಳುವವನು ಮತ್ತೊಬ್ಬನು ಸದಾ ಕೇಳುವವನು ಎಂಬ ಈ ಏರ್ಪಾಡಿಗೂ ಹೊರನೋಟಕ್ಕೆ ಹೋಲಿಕೆಯಿದೆ, ಒಳಗೆ ಇಲ್ಲ. ಮೊದಲನೆಯದು ಸಖ್ಯ, ಎರಡನೆಯದು ಸಂಬಳವಿಲ್ಲದ ಉದ್ಯೋಗ. ಬಲ್ಲ ಮಗುವನ್ನು ತರಗತಿಯ ಎರಡನೆಯ ಮಾಸ್ತರನನ್ನಾಗಿ ಮಾಡಿ ತಾನು ಹಾಜರಿ ಪುಸ್ತಕ ತುಂಬುತ್ತ ಕೂರುವ ಅಧ್ಯಾಪಕನ ವಿರುದ್ಧ ಪೋಷಕರು ದೂರು ಹೇಳಿದರೆ ನಾವು ಪೋಷಕರ ಪಕ್ಷ. ಎಂದೆಂದಿಗೂ ಕೇಳುವ ಸ್ಥಾನದಲ್ಲೇ ಕೂತ ಮಗುವಿಗೆ ಆಗುವ ಅನ್ಯಾಯ ಇದಕ್ಕಿಂತಲೂ ಹೆಚ್ಚಿನದು. ಕಲಿಯುವುದೆಂದರೆ ತಲೆ ತಗ್ಗಿಸುವುದು ಎಂದು ಅದು ಕಲಿಯುತ್ತದೆ. ಲೆಕ್ಕದಲ್ಲಿ ಹಿಂದಿರುವವನು ವ್ಯಾಕರಣದಲ್ಲಿ ಮುಂದಿರಬಹುದು, ಕನ್ನಡ ಬಾರದವನು ಮಲೆಯಾಳವನ್ನು ನೀರಿನಂತೆ ಮಾತಾಡಬಹುದು, ಎರಡೂ ಇಲ್ಲದವನು ಗಿಡಮರಗಳ ಹೆಸರನ್ನು ಬಲ್ಲವನಿರಬಹುದು. ಹೇಳುವ ಸರದಿ ಇಬ್ಬರಿಗೂ ಬರುವಂತೆ ಪಾಠಗಳನ್ನು ಆರಿಸುವುದು ಅಧ್ಯಾಪಕರ ಕೆಲಸ. ಅದು ಕಷ್ಟದ ಕೆಲಸವೆಂಬುದು ನಿಜ.

ಜೊತೆಯ ಓದಿನಿಂದ ಬೆಳೆಯುವ ಕೌಶಲಗಳೆಂದು ಶಿಕ್ಷಣಶಾಸ್ತ್ರದವರು ಪಟ್ಟಿ ಕೊಡುತ್ತಾರೆ: ಆಲಿಸುವುದು, ವಿವರಿಸುವುದು, ನೆನಪಿಡುವುದು ಇತ್ಯಾದಿ. ಪಟ್ಟಿ ತಪ್ಪಲ್ಲ. ಆದರೆ ನಾವು ಎಲ್ಲಕ್ಕಿಂತ ಮೇಲೆ ಇಡುವುದು ಸರಿಸಮನಿಂದ ತಿದ್ದಿಸಿಕೊಳ್ಳುವ ಶಕ್ತಿಯನ್ನು. ಗುರು ತಿದ್ದಿದಾಗ ಒಪ್ಪಿಕೊಳ್ಳುವುದು ಸುಲಭ. ಅಲ್ಲಿ ಭಯವೋ ಭಕ್ತಿಯೋ ಕೆಲಸ ಮಾಡುತ್ತದೆ. ತನ್ನಂತೆಯೇ ಚಡ್ಡಿ ಹಾಕಿಕೊಂಡು ಬಂದವನು ‘ನೀನು ಹೇಳಿದ್ದು ತಪ್ಪು’ ಎಂದಾಗ ಒಪ್ಪಬೇಕಾದರೆ ಅವನ ಮಾತಿನಲ್ಲಿ ಸತ್ಯವಿದೆಯೇ ಎಂದು ತೂಗಿಯೇ ನೋಡಬೇಕು. ಸ್ವಿಟ್ಜರ್‌ಲೆಂಡಿನ ಜೀನ್ ಪಿಯಾಜೆ ಮಕ್ಕಳು ಗೋಲಿಯಾಡುವುದನ್ನು ನೋಡಿ, ನಿಯಮಗಳ ಬಗ್ಗೆ ಅವರನ್ನು ಕೇಳಿ, 1932ರಲ್ಲಿ ಮಕ್ಕಳ ನೈತಿಕ ವಿವೇಕದ ಕುರಿತು ಪುಸ್ತಕ ಬರೆದನು. ಹಿರಿಯರಿಂದ ಬಂದ ನಿಯಮವನ್ನು ಮಗು ಬದಲಿಸಲಾಗದ ಕಟ್ಟಳೆಯೆಂದು ಪೂಜಿಸುತ್ತದೆ. ಸಮವಯಸ್ಕರೊಡನೆ ವ್ಯವಹರಿಸುತ್ತ ನಿಯಮದ ಕಾರಣವನ್ನು ಅರಿಯುತ್ತದೆ ಎಂಬುದು ಅವನ ವಿಚಾರದ ತಿರುಳು. ನಮ್ಮ ಯಕ್ಷಗಾನ ತಾಳಮದ್ದಳೆಯನ್ನು ಬಲ್ಲವರಿಗೆ ಇದನ್ನು ಪುಸ್ತಕದಿಂದ ತಿಳಿಯಬೇಕಾಗಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಲು ಜನ ರಾತ್ರಿಯಿಡೀ ಕುಳಿತಾಗ ಕಾಯುತ್ತಿದ್ದುದು ಅವರ ಒಬ್ಬರ ಮಾತಿಗಲ್ಲ. ಇದಿರು ಕುಳಿತವರು ಏನು ಕೇಳುತ್ತಾರೆ, ಇವರು ಹೇಗೆ ಬಿಡಿಸಿಕೊಳ್ಳುತ್ತಾರೆ ಎಂಬುದಕ್ಕೆ. ಇದಿರಿನವನು ಸಪ್ಪೆಯಾದರೆ ಎಂಥ ಅರ್ಥಧಾರಿಯೂ ಆ ರಾತ್ರಿ ಅರ್ಧವೇ.

ಗುಂಪಿನಲ್ಲಿ ಕಲಿಯುವುದು ನಮ್ಮ ಶಾಲೆಗಳಿಗೆ ಸರಕಾರದ ಮಾರ್ಗದಿಂದಲೂ ಬಂತು. ಡಿ.ಪಿ.ಇ.ಪಿ. ಎಂದು ಹೆಸರಾದ ಪ್ರಾಥಮಿಕ ಶಿಕ್ಷಣ ಯೋಜನೆ 1994ರಲ್ಲಿ ಕೇರಳದಲ್ಲಿ ಆರಂಭವಾದಾಗ ಮೊದಲು ಆರಿಸಿದ ಮೂರು ಜಿಲ್ಲೆಗಳಲ್ಲಿ ಕಾಸರಗೋಡೂ ಒಂದು. ವಯನಾಡು, ಮಲಪ್ಪುರಂ ಉಳಿದೆರಡು. ಬೆಂಚುಗಳ ಸಾಲು ಮುರಿದು ಮಕ್ಕಳು ವೃತ್ತವಾಗಿ ಕುಳಿತರು. ಮಕ್ಕಳು ಆಡುತ್ತಿದ್ದಾರೆ, ಅಕ್ಷರ ಕಲಿಯುತ್ತಿಲ್ಲ ಎಂದು ರಾಜ್ಯದಲ್ಲೆಲ್ಲ ದೊಡ್ಡ ವಾದವೇ ಎದ್ದಿತು. ಎರಡು ಪಕ್ಷಗಳಲ್ಲಿಯೂ ಅರ್ಧ ಸತ್ಯವಿತ್ತೆಂದು ನಮಗೆ ತೋರುತ್ತದೆ. ವೃತ್ತವಾಗಿ ಕೂರಿಸುವುದು ಕುರ್ಚಿಗಳ ವಿಷಯ. ಗುಂಪಿನ ಚಾರ್ಟನ್ನು ಬರೆದವನು ಯಾರು, ಉಳಿದವರು ಅಂಟು ಹಚ್ಚಿದ್ದು ಮಾತ್ರವೇ ಎಂದು ವಿಚಾರಿಸದ ಕಡೆಯಲ್ಲಿ ಅದು ಆಟವೇ ಆಯಿತು. ವಿಚಾರಿಸಿದ ಕಡೆಯಲ್ಲಿ, ಅದುವರೆಗೆ ತರಗತಿಯಲ್ಲಿ ಬಾಯಿ ತೆರೆಯದ ಮಕ್ಕಳು ಮಾತಾಡಿದ್ದನ್ನೂ ನಾವು ಕಂಡಿದ್ದೇವೆ.

ಈಗಿನ ಮಕ್ಕಳ ಜೊತೆಗಾರ ಅನೇಕ ಮನೆಗಳಲ್ಲಿ ಮೊಬೈಲ್ ಫೋನು. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ, ದಣಿಯುವುದಿಲ್ಲ, ಹಂಗಿಸುವುದಿಲ್ಲ. ಇದರ ಉಪಯೋಗವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ಇವನಿಂದ ಕಲಿಯಬೇಕಾದ ಅಗತ್ಯವಿಲ್ಲ. ‘ಭಾಗ ಮಾಡಿದರೆ ಹೆಚ್ಚಾಗುವುದು ಹೇಗೆ’ ಎಂದು ಅದು ಇವನನ್ನು ತಡೆದು ನಿಲ್ಲಿಸಲಾರದು. ಇವನು ಮೌನವಾಗಿ ಪುಟ ತಿರುವಿದರೆ ಅದೂ ಮೌನ.

ಸಂಘದ ಬಂಧುಗಳ ಮುಂದೆ ಇಡಬೇಕಾದ ಇನ್ನೊಂದು ಸಂಗತಿಯಿದೆ. 1956ರ ಬಳಿಕ ನಮ್ಮ ಕನ್ನಡ ಶಾಲೆಗಳ ಕುರಿತು ನಾವು ಕೇಳುತ್ತ ಬಂದದ್ದು ಅಧ್ಯಾಪಕರ ನೇಮಕ, ಪಠ್ಯಪುಸ್ತಕ, ಆದೇಶಗಳ ಭಾಷೆ ಇವುಗಳ ಮಾತು. ಅವೆಲ್ಲ ಕೇಳಲೇಬೇಕಾದವು. ಆದರೆ ಕನ್ನಡ ವಿಭಾಗದ ಕೆಲವು ತರಗತಿಗಳಲ್ಲಿ ಮಕ್ಕಳು ಬೆರಳೆಣಿಕೆಗೆ ಇಳಿದಿರುವಾಗ, ಅಲ್ಲಿ ಕುಳಿತ ಮಗುವಿಗೆ ಇಲ್ಲದಿರುವುದು ಅಧ್ಯಾಪಕರು ಮಾತ್ರವಲ್ಲ. ಕನ್ನಡದಲ್ಲಿ ತಪ್ಪು ಹೇಳಿದರೆ ತಿದ್ದುವ, ಸರಿ ಹೇಳಿದರೆ ‘ಯಾಕೆ’ ಎಂದು ಕೇಳುವ ಇನ್ನೊಂದು ಮಗುವೂ ಅಲ್ಲಿಲ್ಲ. ಸರಕಾರಿ ಆದೇಶದಿಂದ ಅಧ್ಯಾಪಕರನ್ನು ತರಿಸಬಹುದು. ಸಹಪಾಠಿಯನ್ನು ಯಾವ ಆದೇಶದಿಂದಲೂ ತರಿಸಲಾಗದು. ಆ ಮಗು ನೆರೆಮನೆಯಿಂದಲೇ ಬರಬೇಕು. ವಾರಕ್ಕೊಂದು ಸಂಜೆ ವಾಚನಾಲಯದ ಒಂದು ಮೇಜನ್ನು ಬೇರೆ ಬೇರೆ ಶಾಲೆಗಳ ನಾಲ್ಕು ಮಕ್ಕಳಿಗೆ ಬಿಟ್ಟುಕೊಡುವುದು, ಅವರಲ್ಲಿ ಇಂಗ್ಲಿಷ್ ಮಾಧ್ಯಮದ ಮಗುವೂ ಒಂದಿರುವಂತೆ ನೋಡಿಕೊಳ್ಳುವುದು, ಹಿರಿಯರು ಪಾಠ ಹೇಳದೆ ಸ್ವಲ್ಪ ದೂರ ಕುಳಿತು ಪತ್ರಿಕೆ ಓದುವುದು ಇಷ್ಟನ್ನು ಮಾಡಲು ನಮಗೆ ಯಾರ ಅನುಮತಿಯೂ ಬೇಕಿಲ್ಲ. ಮೊದಲ ಕೆಲವು ವಾರ ಗದ್ದಲವೇ ಹೆಚ್ಚಿರುತ್ತದೆ. ಆ ಮೇಜಿನಿಂದ ‘ಅಲ್ಲ, ಅದು ಹಾಗಲ್ಲ’ ಎಂಬ ಮಾತು ಕೇಳಿಬಂದಾಗ ಪತ್ರಿಕೆಯಿಂದ ತಲೆಯೆತ್ತದಿರುವುದೇ ಹಿರಿಯರಿಗೆ ಕಷ್ಟ.